ಕೆಂಪು ಚುಕ್ಕೆಯ ಬಾಲ

ವರ್ಲಿನ್ ಸ್ಟಾಟ್ಸ್ ನಮ್ಮೂರಿನಲ್ಲಿ ದೊಡ್ಡ ಮನುಷ್ಯನಾದದ್ದು ಒಂದು ಜಿಂಕೆಗೆ ಗುರಿ ತಪ್ಪಿದ ಮೇಲೆ.

ಗುರಿ ತಪ್ಪುವುದು ನಮ್ಮ ಕಡೆ ಹೊಸದೇನಲ್ಲ. ಮಿಸೌರಿಯ ಈ ದಕ್ಷಿಣದ ಗುಡ್ಡಗಳಲ್ಲಿ ನವೆಂಬರ್ ಬಂತೆಂದರೆ ಶಾಲೆಗೂ ರಜೆ, ಗಂಡಸರೂ ಹೆಂಗಸರೂ ಕಿತ್ತಳೆ ಬಣ್ಣದ ಅಂಗಿ ತೊಟ್ಟು ಕಾಡು ಸೇರುತ್ತಾರೆ. ಹೋದವರಲ್ಲಿ ಅರ್ಧ ಜನ ಬರಿಗೈಲಿ ವಾಪಸು ಬಂದು ಗಾಳಿಯನ್ನೋ, ಕಾಲಡಿಯ ತರಗೆಲೆಯನ್ನೋ, ಭಾವಮೈದುನನ ಕೆಮ್ಮನ್ನೋ ಬೈಯುತ್ತಾರೆ. ವರ್ಲಿನ್ ಅಂಥ ಅಗ್ಗದ ಮಾತಾಡಲಿಲ್ಲ. ಅವನು ಕೋವಿಯ ಮೇಲಿದ್ದ ದುರ್ಬೀನನ್ನೇ ಬಿಚ್ಚಿ, ಅಡುಗೆಮನೆಯ ಮೇಜಿನ ಮೇಲೆ ಹಳೇ ಟವೆಲ್ ಹಾಸಿ, ಅದರ ಹೊಟ್ಟೆ ಸೀಳಿದ. ಒಳಗೊಂದು ತೆಳ್ಳನೆಯ ಬಳೆ ಸಡಿಲವಾಗಿತ್ತು. ಮೊದಲೇ ಸಡಿಲವಾಗಿತ್ತೋ, ಇವನು ಬಿಚ್ಚುವಾಗ ಆಯಿತೋ, ಆ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಮರುದಿನ ಬೆಳಿಗ್ಗೆ ಅವನು ಆ ಬಳೆಯನ್ನು ಜಾಮ್ ಬಾಟಲಿಯ ಮುಚ್ಚಳದಲ್ಲಿಟ್ಟುಕೊಂಡು ಡಾಯ್ಲ್ ಕೆಚಮ್‌ನ ಅಂಗಡಿಗೆ ಬಂದ.

ಡಾಯ್ಲ್‌ನ ಅಂಗಡಿಯಲ್ಲಿ ದನದ ಹಿಂಡಿ, ಮೀನಿನ ಗಾಳ, ತೋಟಾ, ಬೇಟೆಯ ಪರವಾನಗಿ, ಎರೆಹುಳ ಎಲ್ಲ ಸಿಗುತ್ತದೆ. ಒಲೆಯ ಸುತ್ತ ಕುರ್ಚಿಗಳಿವೆ. ಕಾಫಿ ಪುಕ್ಕಟೆ, ಕುಡಿದವರಿಗೆ ಯಾಕೆ ಪುಕ್ಕಟೆ ಅಂತ ಗೊತ್ತಾಗುತ್ತದೆ. ಎದುರು ಮನೆಯವನಾದ ನಾನು ಅವತ್ತು ವರ್ಲಿನ್‌ನ ಜೊತೆಗೇ ಹೋಗಿದ್ದೆ. ಮುಚ್ಚಳ ಕೈಯಿಂದ ಕೈಗೆ ಹೋಯಿತು.

"ನೋಡಿದ್ರಾ? ಈ ಬಳೆ ಅಲ್ಲಾಡಿದ್ರೆ ಒಳಗೆ ಗುರಿ ಹಿಡಿಯೋ ಕೂಡುಗೆರೆ ಅಲ್ಲಾಡುತ್ತೆ. ಗೆರೆ ಅಲ್ಲಾಡಿದ್ರೆ ಗುಂಡು ಎಲ್ಲಿಗಾದ್ರೂ ಹೋಗುತ್ತೆ. ಅದರಲ್ಲಿ ನನ್ನದೇನು ತಪ್ಪು?" ಅಂದ ವರ್ಲಿನ್.

ಆ ವರ್ಷ ಗುರಿ ತಪ್ಪಿದ್ದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಂಜೆಯೊಳಗೆ ಅವನ ಶೆಡ್ಡಿನ ಮುಂದೆ ದುರ್ಬೀನು ಹಿಡಿದವರ ಸಾಲೇ ಇತ್ತು. ಒಂದೊಂದರಲ್ಲೂ ಅವನು ಏನಾದರೊಂದು ದೋಷ ಹುಡುಕಿಕೊಟ್ಟ. ಎಲ್ಲರೂ ಹಗುರಾಗಿ ಮನೆಗೆ ಹೋದರು.

ವರ್ಲಿನ್‌ಗೆ ಯಂತ್ರ ಗೊತ್ತಿಲ್ಲ ಅಂತಲ್ಲ. ಪಕ್ಕದೂರಿನ ಶೂ ಕಾರ್ಖಾನೆ ನಡೆಯುತ್ತಿದ್ದಷ್ಟು ಕಾಲ ಅಲ್ಲಿನ ಹೊಲಿಗೆ ಯಂತ್ರಗಳನ್ನೆಲ್ಲ ರಿಪೇರಿ ಮಾಡುತ್ತಿದ್ದವನು ಅವನೇ. ಕಾರ್ಖಾನೆ ಮುಚ್ಚಿದ ಮೇಲೆ ಹುಲ್ಲು ಕತ್ತರಿಸುವ ಯಂತ್ರಗಳ ರಿಪೇರಿಗೆ ಕೂತ. ಆದರೆ ಹುಲ್ಲಿನ ಯಂತ್ರ ಸರಿಯಾದರೆ ಯಾರೂ ಟೋಪಿ ತೆಗೆದು ನಮಸ್ಕರಿಸುವುದಿಲ್ಲ. ಕೋವಿಯ ವಿಷಯವೇ ಬೇರೆ. ಗುರಿ ಹಿಡಿಯಲು ಕೋವಿಯ ಮೇಲೆ ಕೂರಿಸುವ ಅಗ್ಗದ ಸೈಟುಗಳು ಅಂಚೆಯಲ್ಲಿ ಮನೆಬಾಗಿಲಿಗೇ ಬರತೊಡಗಿದ ಕಾಲ ಅದು. ಡಬ್ಬಿಯ ಮೇಲೆ ಸೈನಿಕನ ಚಿತ್ರ, ಒಳಗೆ ತಗಡು. ಕೊಳ್ಳುವ ಮೊದಲು ವರ್ಲಿನ್‌ಗೆ ತೋರಿಸುವುದು ನಮ್ಮೂರಿನ ಪದ್ಧತಿಯೇ ಆಗಿಹೋಯಿತು.

ಅವನ ಪರೀಕ್ಷೆ ಸಲೀಸಾದದ್ದಲ್ಲ. ಮೊದಲು ಸೈಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಹೆಂಡತಿ ಒಲೀಟಾಳ ಫ್ರೀಜರಿನಲ್ಲಿ, ಜಿಂಕೆಮಾಂಸಕ್ಕೂ ಬಟಾಣಿಗೂ ಮಧ್ಯೆ ರಾತ್ರಿಯೆಲ್ಲ ಇಡುವುದು. ಬೆಳಿಗ್ಗೆ ತೆಗೆದು ಬಿಸಿನೀರಿನ ಪಾತ್ರೆಯಲ್ಲಿ ಮುಳುಗಿಸಿ ಗುಳ್ಳೆ ಬರುತ್ತದೋ ನೋಡುವುದು. ಆಮೇಲೆ ಪಿಕಪ್ ಗಾಡಿಯ ಹಿಂಬದಿಯಲ್ಲಿ ಒಂದು ಬಕೆಟ್ಟಿಗೆ ಹಾಕಿ ಜಲ್ಲಿ ರಸ್ತೆಯಲ್ಲಿ ಚರ್ಚಿನ ತನಕ ಕುಲುಕಿಸಿ ತರುವುದು. ಕೊನೆಗೆ ಕೋವಿಗೆ ಬಿಗಿದು, ಹಿತ್ತಲಿನ ಮಣ್ಣಿನ ದಿಬ್ಬದ ಮುಂದೆ ಕಾಗದ ನಿಲ್ಲಿಸಿ, ಒಂದು ಗುಂಡು ಹೊಡೆದು, ಸೈಟಿನ ತಿರುಪು ಬಲಕ್ಕೆ ತಿರುಗಿಸಿ ಮತ್ತೊಂದು, ಮೇಲಕ್ಕೆ ತಿರುಗಿಸಿ ಇನ್ನೊಂದು, ಹೀಗೆ ಗುಂಡಿನ ತೂತುಗಳು ಚೌಕ ಸುತ್ತಿ ಹೊರಟ ಜಾಗಕ್ಕೇ ಬರಬೇಕು. ಅಗ್ಗದವು ಸಾಮಾನ್ಯವಾಗಿ ವಾಪಸು ಬರುತ್ತಿರಲಿಲ್ಲ. ಹೆಂಡತಿಯ ಜೊತೆ ಜಗಳವಾಡಿ ಹೋದ ಗಂಡಸರ ಹಾಗೆ ಬೇರೆಲ್ಲೋ ನೆಲೆಯಾಗುತ್ತಿದ್ದವು. ಬಂದರೆ ವರ್ಲಿನ್ "ಪರವಾಗಿಲ್ಲ" ಅನ್ನುತ್ತಿದ್ದ. ಬರದಿದ್ದರೆ "ಕಸ" ಅನ್ನುತ್ತಿದ್ದ. ನಮಗೆ ಇಷ್ಟವಾಗುತ್ತಿದ್ದುದು ಎರಡನೆಯ ಮಾತು. ಅದನ್ನು ಕೇಳುವುದಕ್ಕೆಂದೇ ಕೆಲವರು ಕೆಟ್ಟ ಸೈಟು ತರಿಸುತ್ತಿದ್ದರು ಅಂತ ನನ್ನ ಗುಮಾನಿ.

ಹೀಗಿರುವಾಗ ಕೆಂಪು ಚುಕ್ಕೆಯ ಸೈಟುಗಳು ಬಂದವು. ಇದರಲ್ಲಿ ದುರ್ಬೀನಿನ ಹಾಗೆ ದೂರದ್ದು ಹತ್ತಿರ ಕಾಣುವುದಿಲ್ಲ. ಒಂದು ಪುಟ್ಟ ಗಾಜು, ಅದರ ನಡುವೆ ಒಂದು ಕೆಂಪು ಬೆಳಕಿನ ಚುಕ್ಕೆ. ಚುಕ್ಕೆ ಎಲ್ಲಿ ಕೂರುತ್ತದೋ ಗುಂಡು ಅಲ್ಲಿಗೆ. ಡಾಯ್ಲ್ ಆಸೆಪಟ್ಟು ಒಂದು ಪೆಟ್ಟಿಗೆ ತುಂಬ ತರಿಸಿದ. ವರ್ಲಿನ್ ಮೊದಲನೆಯದನ್ನು ಕೈಗೆತ್ತಿಕೊಂಡು ಕಣ್ಣಿಗೆ ಹಿಡಿದ. ಬಹಳ ಹೊತ್ತು ನೋಡಿದ.

"ಚುಕ್ಕೆ ಅಂತ ಹೇಳಿದ್ಯಲ್ಲ ಡಾಯ್ಲ್?"

"ಚುಕ್ಕೇನೇ ಕಣಯ್ಯಾ."

"ಚುಕ್ಕೆಗೆ ಬಾಲ ಇರುತ್ತಾ? ಕಾಲಲ್ಲಿ ಮೆಟ್ಟಿದ ಟೊಮ್ಯಾಟೊ ಇದ್ದಂಗಿದೆ. ಒಂದು ಕಡೆ ರಸ ಸೋರಿದೆ."

ಡಾಯ್ಲ್ ತಾನೂ ನೋಡಿದ. ಅವನಿಗೆ ಕಂಡದ್ದು ಏನೋ ಅವನು ಹೇಳಲಿಲ್ಲ. ವರ್ಲಿನ್ ಪೆಟ್ಟಿಗೆಯಲ್ಲಿದ್ದ ಒಂದೊಂದನ್ನೂ ಹಚ್ಚಿ ನೋಡಿದ. ಒಂದೊಂದಕ್ಕೂ ಬಾಲವಿತ್ತು. "ಎಲ್ಲಾ ಒಂದೇ ಕಸ. ಮಾಡೋವಾಗ್ಲೇ ಗಾಜು ಸೊಟ್ಟ ಕೂರಿಸಿದ್ದಾರೆ," ಅಂದ.

ಒಲೆಯ ಪಕ್ಕ ಕೂತಿದ್ದ ಗಾರ್ಲಂಡ್, ಹಾಲಿನ ಟ್ಯಾಂಕರ್ ಓಡಿಸುವವನು, ಎದ್ದು ಬಂದು ನೋಡಿ, "ಹೌದು, ಬಾಲ ಇದೆ," ಅಂದ. ಆಮೇಲೆ ನಮ್ಮ ಬ್ಯಾಪ್ಟಿಸ್ಟ್ ಚರ್ಚಿನ ಪಾದ್ರಿ ಬ್ರದರ್ ಹ್ಯಾಡ್ಲಿಯವರು ನೋಡಿದರು. ಅವರು ಬಾಲವನ್ನು ಸ್ವಲ್ಪ ವಿವರಿಸಿಯೂ ಹೇಳಿದರು. ನನ್ನ ಸರದಿ ಬಂತು. ನನಗೆ ದುಂಡಗಿನ ಚುಕ್ಕೆ ಕಂಡಿತು. ಅಷ್ಟು ಜನರ ಮಧ್ಯೆ ಒಬ್ಬನಿಗೇ ದುಂಡಗೆ ಕಾಣುವುದು ನನಗೂ ಸರಿಯೆನಿಸಲಿಲ್ಲ. "ಇರೋ ಹಾಗಿದೆ," ಅಂದೆ.

ಡಾಯ್ಲ್‌ನ ಪೆಟ್ಟಿಗೆ ಹಿಂಡಿ ಮೂಟೆಗಳ ಹಿಂದೆ ಸೇರಿತು. ಅದರ ಮೇಲೆ ಧೂಳು ಕೂತಷ್ಟೂ ವರ್ಲಿನ್‌ನ ಹೆಸರು ಬೆಳೆಯಿತು. ಅದಕ್ಕೆ ಕಿರೀಟ ಇಟ್ಟವರು ಸೇಂಟ್ ಲೂಯಿಸಿನಿಂದ ಬೇಟೆಗೆ ಬರುವ ಒಬ್ಬ ಹಲ್ಲಿನ ಡಾಕ್ಟರು. ಅವರ ಕೋವಿಯ ಮೇಲಿದ್ದ ಕೆಂಪು ಚುಕ್ಕೆಯ ಸೈಟು ವರ್ಲಿನ್‌ನ ಪಿಕಪ್ ಗಾಡಿಗಿಂತ ಬೆಲೆಬಾಳುವಂಥದ್ದು. ಅವರು ಹೊಗಳಿಕೆ ಕೇಳೋಣವೆಂದು ಅದನ್ನು ವರ್ಲಿನ್‌ನ ಕೈಗೆ ಕೊಟ್ಟರು. ವರ್ಲಿನ್ ನೋಡಿ, ಕೋವಿಯನ್ನು ಮರ್ಯಾದೆಯಿಂದಲೇ ವಾಪಸು ಕೊಟ್ಟು, "ಇದಕ್ಕೂ ಬಾಲ ಇದೆ ಸರ್. ನಿಮ್ಮದು ಸ್ವಲ್ಪ ದೊಡ್ಡ ಬಾಲ," ಅಂದ.

ಡಾಕ್ಟರ ಮುಖ ಕೆಂಪಗಾಯಿತು. ಊರಿಗೆ ಮಾತ್ರ ಹಬ್ಬ. ಬೆಲೆಗೆ ಹೆದರದ ನಾಲಿಗೆ, ಡಾಲರಿಗೆ ಮಣಿಯದ ಕಣ್ಣು ಅಂತ ಹೊಗಳಿದ್ದೇ ಹೊಗಳಿದ್ದು. ಬ್ರದರ್ ಹ್ಯಾಡ್ಲಿ ಆ ಭಾನುವಾರದ ಉಪದೇಶದಲ್ಲಿ ಸತ್ಯಕ್ಕೆ ಉದಾಹರಣೆ ಕೊಡುವಾಗ ಯಾರ ಹೆಸರನ್ನೂ ಹೇಳದೆ ಎಲ್ಲರೂ ವರ್ಲಿನ್‌ನ ಕಡೆ ತಿರುಗುವಂತೆ ಮಾಡಿದರು. ವರ್ಲಿನ್ ತಲೆ ತಗ್ಗಿಸಿ ತನ್ನ ಬೂಟು ನೋಡಿಕೊಂಡ. ಅವನು ಜಂಬದವನಲ್ಲ. ತನಗೆ ಕಂಡದ್ದನ್ನೇ ಹೇಳುತ್ತಿದ್ದ, ಅಷ್ಟೆ.

ಈ ಕಥೆಯಲ್ಲಿ ಇಷ್ಟು ಹೊತ್ತು ಮಾತಾಡದವಳು ಒಲೀಟಾ. ಶಾಲೆಯ ಅಡುಗೆಮನೆಯಲ್ಲಿ ಕೆಲಸ, ಬಿಡುವಿದ್ದಾಗ ತುಂಡುಬಟ್ಟೆ ಸೇರಿಸಿ ಕೌದಿ ಹೊಲಿಯುವುದು. ಕೋವಿಯ ವಿಷಯದಲ್ಲಿ ಅವಳ ಆಸಕ್ತಿಯೆಲ್ಲ ತನ್ನ ಫ್ರೀಜರಿನಲ್ಲಿ ಜಾಗ ಉಳಿಯುತ್ತದೋ ಇಲ್ಲವೋ ಅನ್ನುವಷ್ಟು. ಒಂದು ಮಧ್ಯಾಹ್ನ ಬಟಾಣಿ ಹುಡುಕಲು ಹೋದವಳ ಕೈಗೆ ಚೀಲದಲ್ಲಿ ಸುತ್ತಿದ ಸೈಟು ಸಿಕ್ಕಿತು. ಚಳಿಗೆ ಬ್ಯಾಟರಿ ಎಷ್ಟು ಬಾಳುತ್ತದೆಂದು ನೋಡಲು ವರ್ಲಿನ್ ಅದನ್ನು ಹಚ್ಚಿಯೇ ಇಟ್ಟಿದ್ದ. ಅವಳು ಏನೂ ಯೋಚಿಸದೆ ಕಣ್ಣಿಗೆ ಹಿಡಿದಳು. ಆಮೇಲೆ ಚೀಲ ಬಿಚ್ಚಿ, ಗಾಜನ್ನು ಏಪ್ರನ್ನಿಗೆ ಒರೆಸಿ, ಮತ್ತೊಮ್ಮೆ ಹಿಡಿದಳು. ಸೂಜಿಯಲ್ಲಿ ಕೆಂಪು ದಾರದ ಗಂಟು ಹಾಕಿದ ಹಾಗೆ ಅಚ್ಚುಕಟ್ಟಾದ ದುಂಡು ಚುಕ್ಕೆ.

"ವರ್ಲಿನ್, ಇದರಲ್ಲಿ ಬಾಲ ಎಲ್ಲಿದೆ?"

ಅವನು ಮೇಜಿನ ಹತ್ತಿರ ಕೂತು ಸೂಪು ಕುಡಿಯುತ್ತಿದ್ದ. "ಎಡಕ್ಕೆ, ಕೆಳಗೆ. ನಿನಗೆ ನೋಡೋ ಅಭ್ಯಾಸ ಇಲ್ಲ ಒಲೀಟಾ. ಒಂದು ಕಣ್ಣು ಮುಚ್ಚಿ ನೋಡು."

"ಮುಚ್ಚೇ ನೋಡಿದೆ. ದುಂಡಗಿದೆ."

"ಕೊಡಿಲ್ಲಿ. ಇದೇ ನೋಡು, ಎಡಕ್ಕೆ ಕೆಳಗೆ. ಧೂಮಕೇತು ಇದ್ದಂಗಿದೆ."

ಅವಳು ಅವನ ಎದುರಿಗೆ ನಿಂತು ಸೈಟನ್ನು ಅವನ ಕೈಯಲ್ಲಿದ್ದ ಹಾಗೇ ಪಕ್ಕಕ್ಕೆ ಮಗುಚಿದಳು. "ಈಗ?"

"ಎಡಕ್ಕೆ, ಕೆಳಗೆ."

ತಲೆಕೆಳಗು ಮಾಡಿದಳು. "ಈಗ?"

"ಎಡಕ್ಕೆ ಕೆಳಗೇನೇ. ನಾನು ಹೇಳ್ಲಿಲ್ವಾ? ಹೆಂಗೆ ಹಿಡಿದ್ರೂ ಕಸಾನೇ."

ಒಲೀಟಾ ಸೈಟನ್ನು ಅವನ ಕೈಗೇ ಬಿಟ್ಟಳು. ಬಟಾಣಿ ತೆಗೆದುಕೊಂಡು ಒಲೆಯ ಕಡೆ ಹೋದಳು. ಹೊಲಿಗೆಯವಳಿಗೆ ಇದು ಎಷ್ಟರ ಮಾತು? ಬಟ್ಟೆ ತಿರುಗಿಸಿದರೆ ಕಲೆಯೂ ತಿರುಗಬೇಕು. ತಿರುಗದಿದ್ದರೆ ಕಲೆ ಬಟ್ಟೆಯಲ್ಲಿಲ್ಲ. ಅವಳು ಬೆನ್ನು ಹಾಕಿ ನಿಂತು ಬಟಾಣಿ ಬೇಯಿಸುತ್ತಲೇ ಇದ್ದಳಂತೆ. ಹಿಂದೆ ಕುರ್ಚಿ ಕಿರುಗುಟ್ಟಿತು. ತಿರುಗಿ ನೋಡಿದರೆ ವರ್ಲಿನ್ ಸೈಟನ್ನು ಅಲ್ಲಾಡದಂತೆ ಉಪ್ಪಿನ ಡಬ್ಬಿಗೆ ಒರಗಿಸಿಟ್ಟು, ತಾನೇ ತಲೆಯನ್ನು ನಿಧಾನವಾಗಿ ಹೆಗಲ ಮೇಲೆ ವಾಲಿಸುತ್ತಿದ್ದ. ಒಮ್ಮೆ ಈ ಕಡೆ, ಒಮ್ಮೆ ಆ ಕಡೆ. ಬಾಲ ಅವನ ತಲೆಯ ಜೊತೆಗೇ ವಾಲುತ್ತಿತ್ತು. ಸೂಪು ಆರಿಹೋಯಿತು.

ಮರುವಾರ ವರ್ಲಿನ್ ಯಾವುದೋ ಯಂತ್ರದ ಬಿಡಿಭಾಗ ತರಬೇಕು ಅಂತ ಹೇಳಿ ಜಿಲ್ಲಾಕೇಂದ್ರಕ್ಕೆ ಹೊರಟ. ಬಿಡಿಭಾಗ ಅಲ್ಲಿ ಸಿಗುವುದಿಲ್ಲವೆಂದು ಒಲೀಟಾಳಿಗೆ ಗೊತ್ತಿತ್ತು. ಒಳ್ಳೇ ಅಂಗಿ ಇಸ್ತ್ರಿ ಮಾಡಿಕೊಟ್ಟಳು.

ಕಣ್ಣಿನ ಡಾಕ್ಟರು ಒಬ್ಬ ಯುವತಿ, ಹೆಸರು ಲಿಂಡ್. ಅಕ್ಷರಗಳ ಹಲಗೆ ಓದಿಸಿ, ಗಾಜುಗಳನ್ನು ಬದಲಾಯಿಸಿ ಬದಲಾಯಿಸಿ ನೋಡಿ, "ಸ್ಟಾಟ್ಸ್ ಅವರೇ, ನಿಮ್ಮ ಕಣ್ಣಿನ ಮುಂಭಾಗ ಸರಿಯಾಗಿ ದುಂಡಗಿಲ್ಲ. ಮೊಟ್ಟೆಯ ಹಾಗೆ ಒಂದು ಕಡೆ ಉದ್ದ. ಬಹಳ ಜನಕ್ಕೆ ಇರುತ್ತೆ. ಕನ್ನಡಕ ಹಾಕಿದ್ರೆ ಸರಿಹೋಗುತ್ತೆ," ಅಂದರು.

"ಯಾವಾಗಿಂದ ಇದೆ ಡಾಕ್ಟರೇ?"

"ಚಿಕ್ಕಂದಿನಿಂದಲೇ ಇರಬಹುದು."

ವರ್ಲಿನ್ ಟೋಪಿಯನ್ನು ತೊಡೆಯ ಮೇಲೆ ತಿರುಗಿಸಿದ. "ಹಂಗಾದ್ರೆ ಬೀದಿದೀಪಕ್ಕೆ ಬಾಲ ಇರಲ್ವಾ?"

"ಇಲ್ಲ."

"ಕ್ರಿಸ್‌ಮಸ್ ಮರದ ದೀಪಕ್ಕೆ?"

"ಇಲ್ಲ."

"ಎದುರಿಂದ ಬರೋ ಲಾರಿಗೆ?"

ಡಾಕ್ಟರು ಪೆನ್ನು ಕೆಳಗಿಟ್ಟರು. "ಇವತ್ತು ನೀವೇ ಗಾಡಿ ಓಡಿಸ್ಕೊಂಡು ಬಂದ್ರಾ?"

ಕನ್ನಡಕ ತಯಾರಾದಾಗ ಒಲೀಟಾಳೂ ಜೊತೆಗೆ ಹೋದಳು; ಈ ಸಲ ಯಾರೂ ಬಿಡಿಭಾಗದ ಮಾತೆತ್ತಲಿಲ್ಲ. ವಾಪಸು ಬರುವಾಗ ಮುಸ್ಸಂಜೆ. ನಮ್ಮೂರಿಗಿರುವ ಒಂದೇ ಒಂದು ಸಂಚಾರದ ಕೆಂಪು ಮಿಣುಕುದೀಪದ ಕೆಳಗೆ ವರ್ಲಿನ್ ಗಾಡಿ ನಿಲ್ಲಿಸಿಕೊಂಡು ಕೂತ. ಹಿಂದೆ ಯಾರೂ ಇರಲಿಲ್ಲ, ಮುಂದೆಯೂ ಇರಲಿಲ್ಲ.

"ಇಷ್ಟೇನಾ?" ಅಂದ.

"ಇಷ್ಟೇ," ಅಂದಳು ಒಲೀಟಾ.

ಅವನಿಗೆ ಆ ದೀಪ ಹುಟ್ಟಿದಾಗಿನಿಂದ ಒಂದು ಹೂವಿನಂತೆ, ಎಡಕ್ಕೆ ಕೆಳಗೆ ಉದ್ದ ದಳ ಚಾಚಿಕೊಂಡು ಕಾಣುತ್ತಿತ್ತಂತೆ. ಈಗ ನೋಡಿದರೆ ಅಂಗಿಯ ಗುಂಡಿಯಷ್ಟು. ಚಂದ್ರನ ವಿಷಯದಲ್ಲೂ ಅವನಿಗೆ ಹಾಗೇ ಅನ್ನಿಸಿತು. ಯಾರೋ ಮನೆಯ ಸಾಮಾನನ್ನೆಲ್ಲ ಒರೆಸಿ, ಚಿಕ್ಕದು ಮಾಡಿ, ಜಾಗಕ್ಕಿಟ್ಟು ಹೋದ ಹಾಗೆ. ಒಲೀಟಾಳ ಮುಖವನ್ನೂ ಅವತ್ತು ಬಹಳ ಹೊತ್ತು ನೋಡಿದನಂತೆ. ಅವಳು "ಸುಕ್ಕು ಎಣಿಸಿದ್ದು ಸಾಕು, ಗಾಡಿ ತೆಗಿ," ಅಂದಳು.

ಮನೆಗೆ ಬಂದು ಅವನು ಸೈಟು ಹಿಡಿದ. ದುಂಡಗೆ, ಪುಟ್ಟಗೆ, ಬಾಲವಿಲ್ಲದೆ ಕೂತಿತ್ತು. ಇನ್ನು ಹೇಳಲೇಬೇಕಾಗಿತ್ತು. ಒಲೀಟಾ ಹೇಳು ಅಂತ ಹೇಳಲಿಲ್ಲ. ಡಾಯ್ಲ್‌ನ ಹೆಂಡತಿ ಹೊಸ ಕೋಟು ಇಲ್ಲದೆ ಈ ಚಳಿಗಾಲವೂ ಕಳೀತಾಳೇನೋ ಅಂತ ಮಾತ್ರ ಹೊಲಿಗೆಯ ಮೇಲಿಂದ ತಲೆಯೆತ್ತದೆ ಹೇಳಿದಳು.

ಶನಿವಾರ ಬೆಳಿಗ್ಗೆ ಅಂಗಡಿ ತುಂಬಿತ್ತು. ವರ್ಲಿನ್ ಕಂದು ಚೌಕಟ್ಟಿನ ದಪ್ಪ ಕನ್ನಡಕ ಹಾಕಿಕೊಂಡು ಒಳಗೆ ಬಂದ. ಗಾರ್ಲಂಡ್ ನೋಡಿದ ತಕ್ಷಣ, "ಏನಯ್ಯಾ, ಬ್ಯಾಂಕಿನಲ್ಲಿ ಕೆಲಸ ಸಿಕ್ತಾ?" ಅಂದ.

ವರ್ಲಿನ್ ಟೋಪಿ ತೆಗೆದು ನಿಂತ. "ಒಂದು ಮಾತು ಹೇಳ್ಬೇಕು. ಆ ಕೆಂಪು ಚುಕ್ಕೆ ಸೈಟುಗಳು ಚೆನ್ನಾಗಿಯೇ ಇದ್ದವು. ಬಾಲ ಇದ್ದಿದ್ದು ನನ್ನ ಕಣ್ಣಲ್ಲಿ."

"ಡಾಯ್ಲ್ ಎಷ್ಟು ಕೊಟ್ಟ?" ಅಂದ ಗಾರ್ಲಂಡ್.

"ಯಾರೂ ಏನೂ ಕೊಟ್ಟಿಲ್ಲ."

"ಪಾಪ, ಸ್ನೇಹಿತನ ಸಾಮಾನು ಕೊಳೀತಿದೆ ಅಂತ ಮರುಕ ಇವನಿಗೆ," ಅಂದರು ಬ್ರದರ್ ಹ್ಯಾಡ್ಲಿ, ಮೃದುವಾಗಿ. "ಒಳ್ಳೇ ಮನಸ್ಸು. ಆದ್ರೂ ವರ್ಲಿನ್, ಒಳ್ಳೇದಕ್ಕೆ ಅಂತ ಸುಳ್ಳು ಹೇಳಬಾರದು."

"ಸುಳ್ಳಲ್ಲ ಬ್ರದರ್ ಹ್ಯಾಡ್ಲಿ."

"ನಾನೇ ಕಣ್ಣಾರೆ ಬಾಲ ನೋಡಿದ್ದೀನಪ್ಪಾ."

ವರ್ಲಿನ್ ವಾದ ಮಾಡಲಿಲ್ಲ. ಹಿಂಡಿ ಮೂಟೆಯ ಹಿಂದಿನಿಂದ ಒಂದು ಸೈಟು ತಂದು ಧೂಳು ಊದಿ ಹಚ್ಚಿ, ಒಲೀಟಾ ಮಾಡಿದ ಹಾಗೆಯೇ ಮಾಡಿದ. ಮೊದಲು ಗಾರ್ಲಂಡ್. ಬಾಲ ಎಲ್ಲಿ? ಬಲಕ್ಕೆ. ಮಗುಚಿದ ಮೇಲೆ? ಬಲಕ್ಕೇ. ತಲೆಕೆಳಗಾದ ಮೇಲೆ? ಬಲಕ್ಕೇ, ಎಷ್ಟು ಸಲ ಹೇಳ್ಬೇಕು.

"ನಿನ್ನ ಕಣ್ಣೂ ನನ್ನ ಥರಾನೇ ಗಾರ್ಲಂಡ್. ಡಾಕ್ಟರಿಗೆ ತೋರಿಸು. ಟ್ಯಾಂಕರ್ ಬೇರೆ ಓಡಿಸ್ತೀಯ."

ಆಮೇಲೆ ಬ್ರದರ್ ಹ್ಯಾಡ್ಲಿ. ಅವರು ಸೈಟನ್ನು ಕಣ್ಣಿಗೆ ಹಿಡಿದು, "ಎಡಕ್ಕೆ," ಅಂದರು. ಮಗುಚಿದಾಗ ಸ್ವಲ್ಪ ಯೋಚಿಸಿ, "ಈಗ ಮೇಲಕ್ಕೆ," ಅಂದರು. ತಲೆಕೆಳಗಾದಾಗ, "ಈಗ ಬಲಕ್ಕೆ ಬಂತು," ಅಂದರು.

ವರ್ಲಿನ್ ಅದೇ ಸೈಟನ್ನು ಡಾಯ್ಲ್‌ಗೆ ಕೊಟ್ಟ. ಡಾಯ್ಲ್ ಯಾರ ಮುಖವನ್ನೂ ನೋಡದೆ, "ದುಂಡಗಿದೆ. ಅವತ್ತೂ ದುಂಡಗೇ ಇತ್ತು," ಅಂದ. ನನಗೆ ಕೊಟ್ಟ. ನಾನೂ ದುಂಡಗಿದೆ ಅಂದೆ. ಇನ್ನೂ ಇಬ್ಬರು ಮೂವರು ನೋಡಿ ಅದನ್ನೇ ಅಂದರು. ಎಲ್ಲರ ಕಣ್ಣೂ ನಿಧಾನವಾಗಿ ಪಾದ್ರಿಗಳ ಮೇಲೆ ಹೋಗಿ ನಿಂತಿತು. ಬಾಲ ಕಣ್ಣಲ್ಲಿದ್ದರೆ ಸೈಟಿನ ಜೊತೆ ತಿರುಗುವುದಿಲ್ಲ. ಸೈಟಿನಲ್ಲಿದ್ದರೆ ನಮಗೂ ಕಾಣಬೇಕಿತ್ತು. ಅವರ ಬಾಲ ಎರಡೂ ಕಡೆಗೆ ಸೇರಿದ್ದಲ್ಲ.

ಬ್ರದರ್ ಹ್ಯಾಡ್ಲಿ ಕಾಫಿ ಲೋಟವನ್ನು ಕೈಯಲ್ಲಿ ತಿರುಗಿಸಿದರು. "ನನಗೆ ಕಾಣ್ತಿರ್ಲಿಲ್ಲ ಕಣ್ರಪ್ಪಾ," ಅಂದರು ಕೊನೆಗೆ. "ಎಲ್ಲರೂ ಕಾಣುತ್ತೆ ಅಂದ್ರಿ. ನನ್ನೊಬ್ಬನಿಗೆ ಕಾಣಲಿಲ್ಲ ಅಂದ್ರೆ ಏನಂದ್ಕೊಳ್ತೀರೋ ಅಂತ."

ಯಾರೂ ನಗಲಿಲ್ಲ. ನಗುವಷ್ಟು ಮಡಿವಂತರು ಅಲ್ಲಿ ಯಾರೂ ಇರಲಿಲ್ಲ.

ಇಷ್ಟಾದ ಮೇಲೆ ಜನ ವರ್ಲಿನ್‌ನನ್ನು ಇನ್ನೂ ಹೆಚ್ಚು ನಂಬಬೇಕಿತ್ತು ಅಂತ ನೀವು ಅಂದುಕೊಳ್ಳಬಹುದು. ವರ್ಲಿನ್‌ನೂ ಹಾಗೇ ಅಂದುಕೊಂಡ. ಕಣ್ಣು ಕೆಟ್ಟಿದ್ದಾಗ ಹೇಳಿದ್ದನ್ನು ಕಣ್ಣುಮುಚ್ಚಿ ಒಪ್ಪಿದ್ದ ಊರು, ಕಣ್ಣು ಸರಿಯಾದ ಮೇಲೆ ಅವನ ಮಾತಿಗೆಲ್ಲ ನಸುನಗತೊಡಗಿತು. ಡಾಯ್ಲ್‌ನ ಪೆಟ್ಟಿಗೆ ಖಾಲಿಯಾಯಿತು ನಿಜ. ಆದರೆ ಈಗ ವರ್ಲಿನ್ ಹತ್ತರಲ್ಲಿ ಎಂಟಕ್ಕೆ "ಪರವಾಗಿಲ್ಲ" ಅನ್ನುತ್ತಿದ್ದ, ಯಾಕೆಂದರೆ ಅವು ಪರವಾಗಿಲ್ಲ ಅನ್ನುವ ಹಾಗೇ ಇದ್ದವು. ಆ ಮಾತು ಕೇಳಲು ಯಾರು ಗುಡ್ಡ ಹತ್ತಿ ಅವನ ಶೆಡ್ಡಿಗೆ ಬರುತ್ತಾರೆ? ಗುರಿ ತಪ್ಪಿದವರಿಗೆ ಅವನಿಂದ ಯಾವ ಸಮಾಧಾನವೂ ಸಿಗದೆ ಹೋಯಿತು.

ಮುಂದಿನ ಶರತ್ಕಾಲಕ್ಕೆ ಡಾಯ್ಲ್, ಧೈರ್ಯ ಬಂದವನು, ಲೇಸರ್ ಸೈಟುಗಳನ್ನು ತರಿಸಿದ. ಇದು ಕೋವಿಯ ನಳಿಗೆಯ ಕೆಳಗೆ ಕೂತು ಹಸಿರು ಬೆಳಕಿನ ಚುಕ್ಕೆಯನ್ನು ನೇರವಾಗಿ ಗುರಿಯ ಮೇಲೇ ಹಾಕುವಂಥದ್ದು. ಕಣ್ಣಿಗೆ ಏನನ್ನೂ ಹಿಡಿಯಬೇಕಿಲ್ಲ. ಅಂಗಡಿಯ ಅರೆಗತ್ತಲಲ್ಲಿ ಗೋಡೆಯ ಕ್ಯಾಲೆಂಡರಿನ ಮೇಲೆ, ಗಾರ್ಲಂಡ್‌ನ ಹೊಟ್ಟೆಯ ಗುಂಡಿಯ ಮೇಲೆ ಚುಕ್ಕೆ ಕುಣಿಯುವುದನ್ನು ನೋಡಿ ಎಲ್ಲರೂ ಮರುಳಾದರು. ವರ್ಲಿನ್ ಒಂದನ್ನು ಮನೆಗೆ ಒಯ್ದು ಎಂದಿನಂತೆ ಫ್ರೀಜರ್, ಬಿಸಿನೀರು, ಬಕೆಟ್ಟು ಎಲ್ಲ ಮಾಡಿ, ಹಿತ್ತಲ ಬಿಸಿಲಲ್ಲಿ ನಿಂತು ನೋಡಿದ. ವಾಪಸು ತಂದು ಕೌಂಟರಿನ ಮೇಲಿಟ್ಟ.

"ಇದು ನಿಜವಾಗ್ಲೂ ಕಸ ಡಾಯ್ಲ್. ಬಿಸಿಲಿದ್ರೆ ಆ ಗೇಟಿನಷ್ಟು ದೂರಕ್ಕೂ ಚುಕ್ಕೆ ಕಾಣಲ್ಲ. ನಾಲ್ಕು ಗುಂಡು ಹೊಡೆದ್ರೆ ತಿರುಪು ಸಡಿಲ ಆಗುತ್ತೆ."

"ಕನ್ನಡಕ ಒರೆಸ್ಕೊಂಡು ನೋಡು," ಅಂದ ಗಾರ್ಲಂಡ್.

"ಒರೆಸ್ಕೊಂಡೇ ನೋಡಿದೆ."

"ಹಂಗಾದ್ರೆ ನಂಬರ್ ಬದಲಾಗಿರ್ಬೇಕು. ಇನ್ನೊಂದ್ಸಲ ತೋರಿಸ್ಕೊಂಡು ಬಾ."

ಅಂಗಡಿಯೆಲ್ಲ ನಕ್ಕಿತು. ಡಾಯ್ಲ್‌ನೂ ನಕ್ಕ, ಅವನಿಗೆ ನಗಲು ಕಾರಣವಿತ್ತು. ನವೆಂಬರಿನ ಹೊತ್ತಿಗೆ ಒಂದೂ ಉಳಿಯಲಿಲ್ಲ.

ನವೆಂಬರಿನಲ್ಲಿ ನಮ್ಮ ಅಗ್ನಿಶಾಮಕ ಠಾಣೆಯವರು ಹೊಸ ನೀರಿನ ಪೈಪಿಗೆ ಹಣ ಕೂಡಿಸಲು ಟರ್ಕಿ ಪಂದ್ಯ ಇಡುತ್ತಾರೆ. ಟರ್ಕಿ ಕೋಳಿಗೆ ಯಾರೂ ಗುಂಡು ಹೊಡೆಯುವುದಿಲ್ಲ. ಅದು ಐಸಿನಲ್ಲಿ ಹೆಪ್ಪುಗಟ್ಟಿ ಬಹುಮಾನದ ಮೇಜಿನ ಮೇಲಿರುತ್ತದೆ, ಪಕ್ಕದಲ್ಲಿ ಹೊಗೆಯಲ್ಲಿ ಬೇಯಿಸಿದ ಹಂದಿ ತೊಡೆಗಳು. ಠಾಣೆಯ ಹಿಂದಿನ ಬಯಲಲ್ಲಿ ಗೂಟಗಳಿಗೆ ಸಾಲಾಗಿ ನಂಬರು ಹಾಕಿದ ಕಾರ್ಡು ಸಿಕ್ಕಿಸಿರುತ್ತಾರೆ, ಒಬ್ಬೊಬ್ಬರಿಗೆ ಒಂದೊಂದು ಕಾರ್ಡು, ಒಂದೇ ಸಲಕ್ಕೆ ಹಲವು ಸಣ್ಣ ಗುಂಡು ಚೆಲ್ಲುವ ಚರೆಕೋವಿಯಿಂದ ಒಂದೊಂದೇ ಈಡು. ಚರೆಗಳಲ್ಲಿ ಯಾವುದೋ ಒಂದು ಕಾರ್ಡಿನ ನಟ್ಟನಡುವಿನ ಗುರುತಿಗೆ ಎಲ್ಲರಿಗಿಂತ ಹತ್ತಿರ ಬಿದ್ದರೆ ಗೆದ್ದ ಹಾಗೆ.

ಅವತ್ತು ಕಣ್ಣು ಕುಕ್ಕುವ ಬಿಸಿಲು. ಸಾಲಿನಲ್ಲಿ ನಿಂತವರ ಕೋವಿಗಳ ಕೆಳಗೆಲ್ಲ ಡಾಯ್ಲ್‌ನ ಲೇಸರುಗಳು. ವರ್ಲಿನ್ ಒಬ್ಬ ತನ್ನ ತಂದೆಯ ಕಾಲದ ಕೋವಿ ತಂದಿದ್ದ. ಅದರ ತುದಿಯಲ್ಲಿ ಒಂದು ಹಿತ್ತಾಳೆ ಮಣಿ, ಬೇರೇನೂ ಇಲ್ಲ. ಠಾಣೆಯ ಮುಖ್ಯಸ್ಥ ಸೀಟಿ ಊದಿದ. ವರ್ಲಿನ್ ಹೊಡೆದ. ಮಿಕ್ಕವರು ಹೊಡೆಯಲಿಲ್ಲ. ಕೋವಿ ಹೆಗಲಿಗೆ ಏರಿಸಿಕೊಂಡು, ಕಾರ್ಡುಗಳನ್ನು ದಿಟ್ಟಿಸುತ್ತ, ಪ್ರತಿಮೆಗಳ ಹಾಗೆ ನಿಂತಿದ್ದರು.

"ಏನ್ರಯ್ಯಾ, ಹೊಡೀರಿ," ಅಂದ ಮುಖ್ಯಸ್ಥ.

"ತಾಳು," ಅಂದ ಗಾರ್ಲಂಡ್. "ಚುಕ್ಕೆ ಕಾಣ್ತಿಲ್ಲ. ಒಂದು ಮೋಡ ಬರ್ಲಿ."

ನಾವೆಲ್ಲ ಆಕಾಶ ನೋಡಿದೆವು. ಚರ್ಚಿನ ಗೋಪುರದ ಹಿಂದೆ ಒಂದು ಸಣ್ಣ ಮೋಡವಿತ್ತು, ಅದಕ್ಕೇನೂ ಅವಸರವಿರಲಿಲ್ಲ. ಹೆಂಗಸರು ಬೀನ್ಸ್ ಬಡಿಸುವುದನ್ನು ನಿಲ್ಲಿಸಿ ನೋಡಲು ಬಂದರು. ತೋಳು ನಡುಗತೊಡಗಿದವರು ಕೋವಿ ಇಳಿಸಿ ಮತ್ತೆ ಏರಿಸಿದರು. ಕೊನೆಗೆ ಮೋಡ ಬಂತು, ಬಯಲಿನ ಮೇಲೆ ನೆರಳು ಬಿತ್ತು. ಚುಕ್ಕೆಗಳು ಒಮ್ಮೆಲೇ ಎದ್ದವು. ಎಲ್ಲವೂ ಒಂದೇ ಹಸಿರು. ತಿರುಪು ಸಡಿಲವಾಗಿದ್ದವು ಪಕ್ಕದ ಕಾರ್ಡಿಗೆ ಅಲೆದವು. ಒಂದೇ ಕಾರ್ಡಿನ ಮೇಲೆ ಮೂರು ಮೂರು ಚುಕ್ಕೆ ನೊಣಗಳ ಹಾಗೆ ಕೂತವು.

"ಯಾರದಯ್ಯಾ ಇದು, ನನ್ನ ಕಾರ್ಡಿನ ಮೇಲಿರೋದು?"

"ನಿನ್ನದು ನನ್ನದರ ಮೇಲಿದೆ, ಮೊದಲು ಅದನ್ನ ತೆಗಿ."

"ಎಡಕ್ಕೆ ಅಲ್ಲಾಡಿಸ್ತೀನಿ ನೋಡು, ಅಲ್ಲಾಡಿದ್ದು ನನ್ನದು."

ಎಲ್ಲರೂ ಒಟ್ಟಿಗೇ ಅಲ್ಲಾಡಿಸಿದರು. ಅಷ್ಟರಲ್ಲಿ ಮೋಡ ಸರಿಯುತ್ತಿದೆಯೆಂದು ಯಾರೋ ಕೂಗಿದ್ದೇ ತಡ, ಅವಸರಕ್ಕೆ ಎಲ್ಲ ಕೋವಿಗಳೂ ಒಂದೇ ಸಲ ಢಮಾರೆಂದವು.

ಕಾರ್ಡುಗಳನ್ನು ತಂದು ಮೇಜಿನ ಮೇಲೆ ಹರಡಿದರು. ಬಹಳಷ್ಟು ಬರೀ ಬಿಳಿ. ವರ್ಲಿನ್‌ನ ಕಾರ್ಡು ಮಾತ್ರ ಜರಡಿಯಾಗಿತ್ತು. ಒಂದೇ ಈಡಿನಲ್ಲಿ ಆಗುವ ತೂತುಗಳಲ್ಲ ಅವು. ಒಂದು ಚರೆ ನಡುವಿನ ಗುರುತನ್ನೇ ಹಾರಿಸಿತ್ತು.

ವರ್ಲಿನ್ ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದ. "ಇದು ನಂದಲ್ಲ. ನಂದು ಸಣ್ಣ ಚರೆ. ಈ ತೂತು ದೊಡ್ಡದು. ಪಕ್ಕದಲ್ಲಿ ನಿಂತಿದ್ದ ಬ್ರದರ್ ಹ್ಯಾಡ್ಲಿಯವರದ್ದಿರಬೇಕು."

"ಕಾರ್ಡಿನ ನಂಬರು ಯಾರದು?" ಅಂದ ಮುಖ್ಯಸ್ಥ.

"ನಂದೇ. ಆದ್ರೆ..."

"ಹಂಗಾದ್ರೆ ಹಂದಿ ತೊಡೆ ನಿಂದು."

"ನಾನು ಹೊಡೆದಿದ್ದಲ್ಲ ಅಂತ ನಾನೇ ಹೇಳ್ತಿದ್ದೀನಲ್ಲ."

"ಸಂಕೋಚ ನೋಡು ಇವನದು," ಅಂದ ಡಾಯ್ಲ್. ಸುತ್ತ ನಿಂತವರೆಲ್ಲ ವರ್ಲಿನ್‌ನ ಬೆನ್ನು ತಟ್ಟಿದರು. ಕನ್ನಡಕ ಬಂದ ಮೇಲೆ ಕೈ ಕುದುರಿದೆ ಅಂತ ಅವರೇ ತೀರ್ಮಾನ ಮಾಡಿಬಿಟ್ಟಿದ್ದರು. ಅವನು ಪಾದ್ರಿಗಳ ಕಡೆ ನೋಡಿದ.

"ನನ್ನದೇ ಇರಬಹುದು," ಅಂದರು ಬ್ರದರ್ ಹ್ಯಾಡ್ಲಿ ತಮ್ಮ ಬಿಳೀ ಕಾರ್ಡನ್ನು ಮಡಚುತ್ತ. "ಆದ್ರೆ ನನ್ನ ಕಣ್ಣಿನ ಸಾಕ್ಷಿ ಈ ಊರಲ್ಲಿ ಯಾರು ಕೇಳ್ತಾರೆ? ತಗೊಂಡು ಹೋಗಪ್ಪಾ."

ಒಲೀಟಾ ಆ ತೊಡೆಯನ್ನು ಜೇನು ಸವರಿ ಬೇಯಿಸಿ, ಭಾನುವಾರ ಪ್ರಾರ್ಥನೆಯಾದ ಮೇಲೆ ಪಾದ್ರಿಗಳನ್ನೂ ಡಾಯ್ಲ್‌ನನ್ನೂ ನನ್ನನ್ನೂ ಊಟಕ್ಕೆ ಕರೆದಳು. ಗಾರ್ಲಂಡ್‌ಗೂ ಹೇಳಿದ್ದಳು. ಅವನು ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಕನ್ನಡಕವನ್ನೇನೋ ಮಾಡಿಸಿಕೊಂಡಿದ್ದಾನೆ. ಓದುವಾಗ ಮಾತ್ರ ಹಾಕಿಕೊಳ್ಳುತ್ತೇನೆ ಅನ್ನುತ್ತಾನೆ, ಅವನು ಓದಿದ್ದನ್ನು ಯಾರೂ ಕಂಡಿಲ್ಲ. ನಮ್ಮ ಕಡೆ ಹಾಲಿನ ಟ್ಯಾಂಕರ್ ಬಂದರೆ ಈಗಲೂ ಎಲ್ಲರೂ ಗಾಡಿಯನ್ನು ರಸ್ತೆಯ ಪಕ್ಕಕ್ಕಿಳಿಸುತ್ತಾರೆ.

ಊಟದ ನಡುವೆ ಡಾಯ್ಲ್ ಜೇಬಿನಿಂದ ಒಂದು ಹೊಸ ಡಬ್ಬಿ ತೆಗೆದ. ಕತ್ತಲಲ್ಲೂ ಕಾಣುವ ಸೈಟಂತೆ, ಬೆಲೆ ಬಹಳ ಕಮ್ಮಿಯಂತೆ.

"ನೋಡಿ ಹೇಳು ವರ್ಲಿನ್, ತರಿಸ್ಲಾ ಬೇಡ್ವಾ?"

"ನಾನು ಹೇಳಿದ್ರೆ ಕೇಳ್ತೀಯಾ?"

"ಇಲ್ಲ. ಆದ್ರೂ ನೀನು ನೋಡಿದ್ದೀಯ ಅಂತ ಹೇಳೋಕೆ ಬೇಕು."

ವರ್ಲಿನ್ ಕೈ ಒರೆಸಿಕೊಂಡು ಡಬ್ಬಿ ತೆಗೆದುಕೊಂಡ. ಎದ್ದು ಫ್ರೀಜರಿನ ಕಡೆ ಹೊರಟವನನ್ನು ಒಲೀಟಾ ತಟ್ಟೆಯಿಂದ ತಲೆಯೆತ್ತದೆಯೇ ತಡೆದಳು. "ಮೇಲೆ ಸೇಬಿನ ಪೈ ಇದೆ. ಕೆಳಗಿನ ಖಾನೆಯಲ್ಲಿಡು."